ಹೊಳೆಯೋದೆಲ್ಲ ರಿಮ್ಮಲ್ಲ

ಬರೆಯದೆ ನಾಲ್ಕು ತಿಂಗಳಾಯ್ತು. ಕೇಳಿದವರಿಗೆಲ್ಲ "ಆಫೀಸಲ್ಲಿ ಕೆಲಸ ಜಾಸ್ತಿ" ಅಂತ ಹೇಳಿದ್ದೆ. ಸುಳ್ಳು. ಈ ಒಂದು ವಿಷಯ ಬರೆಯದೆ ಬೇರೇನನ್ನೂ ಬರೆಯೋಕೆ ಮನಸ್ಸು ಒಪ್ತಿರಲಿಲ್ಲ, ಇದನ್ನು ಬರೆಯೋಕೆ ನಾಚಿಕೆ ಬಿಡ್ತಿರಲಿಲ್ಲ. ಇವತ್ತು ಬರೆದೇ ಬಿಡ್ತೀನಿ. ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರವೂ ಇದೆ. ಕಾಫಿ ತಗೊಂಡು ಕೂತ್ಕೊಳ್ಳಿ :-)

ವಿಷಯ ಹಳೆಯ ಸೈಕಲ್ಲಿನ ಅಲಾಯ್ ರಿಮ್. "ಅಯ್ಯೋ, ಇದಕ್ಕೆಲ್ಲ ಜಗಳ ಮಾಡ್ತಾರಾ?" ಅಂತ ಕೇಳಬೇಡಿ. ಮಾಡಬೇಕು. ಯಾಕೆ ಅಂತ ಹೇಳ್ತೀನಿ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಬಂದು ಎರಡು ವರ್ಷ ಆಯ್ತು. ರ‍್ಯಾಲೆ ಸೈಕಲ್ ಹುಟ್ಟಿದ ಊರು ಇದು. ಇಲ್ಲಿ ಶನಿವಾರ ಭಾನುವಾರ ಹಳೆ ಸಾಮಾನಿನ ಸಂತೆಗೆ ಹೋದರೆ 70ರ, 80ರ ದಶಕದ ರೇಸಿಂಗ್ ಸೈಕಲ್ಲುಗಳ ಬಿಡಿಭಾಗಗಳು ರಾಶಿ ರಾಶಿ. ಬ್ರೇಕು, ಹಬ್ಬು, ಚಕ್ರ, ರಿಮ್ಮು... ಊರಲ್ಲಿ ಅಪ್ಪನ ದೊಡ್ಡ ಸೈಕಲ್ಲಿನ ಒಳಗಾಲು ಹಾಕಿ ತುಳಿದು ಬೆಳೆದ ನನಗೆ ಹುಚ್ಚು ಹಿಡಿಯೋಕೆ ಎಷ್ಟು ಹೊತ್ತು ಬೇಕು ಹೇಳಿ? ಆರು ತಿಂಗಳಲ್ಲಿ ಅಡುಗೆಮನೆಯ ಮೂಲೆಯಲ್ಲಿ ಐದು ಜೊತೆ ಚಕ್ರ ಸೇರಿದ್ದವು.

ಈ ಹುಚ್ಚು ನನ್ನೊಬ್ಬನದಲ್ಲ. ಇಟಲಿಯಲ್ಲಿ 1997ರಲ್ಲಿ ಎಲ್'ಎರೋಯಿಕಾ ಅಂತ ಒಂದು ಸವಾರಿ ಶುರುವಾಯ್ತು. 1987ಕ್ಕಿಂತ ಹಿಂದಿನ ಸೈಕಲ್ಲಲ್ಲಿ, ಮಣ್ಣಿನ ರಸ್ತೆಯಲ್ಲಿ, ಹಳೇ ಕಾಲದ ಉಣ್ಣೆ ಜರ್ಸಿ ಹಾಕ್ಕೊಂಡು ಹೋಗೋದು. ಚಂದದ ಕಲ್ಪನೆ, ನನ್ನ ತಕರಾರಿಲ್ಲ. ಆದರೆ ಅಂಥ ಸವಾರಿಗಳು ಜನಪ್ರಿಯ ಆದಂತೆಲ್ಲ ಹಳೆ ಬಿಡಿಭಾಗಕ್ಕೆ ಬೇಡಿಕೆ ಬಂತು. ಬೇಡಿಕೆ ಬಂದ ಕೂಡಲೇ ಭಾಷೆ ಕೆಟ್ಟಿತು. ನೆನ್ನೆಯವರೆಗೂ "ಹಳೇದು" ಅನಿಸಿಕೊಂಡಿದ್ದು ಇವತ್ತು "ವಿಂಟೇಜ್". ನೆನ್ನೆ "ಸವೆದಿದೆ" ಅನಿಸಿಕೊಂಡಿದ್ದು ಇವತ್ತು "ಸಹಜ ಸೌಂದರ್ಯ". ಮಾರೋ ಜಾಹೀರಾತು ಓದಿ, ಎಲ್ಲದರಲ್ಲೂ ಅದೇ ಮೂರು ಮಾತು: ಅಪರೂಪ, ಅದ್ಭುತ ಸ್ಥಿತಿ, ಕನ್ನಡಿ ಹಾಗೆ ಪಾಲಿಶ್ ಮಾಡಿದ್ದು.

ಗೋಡೆಯ ದಪ್ಪ ಎಷ್ಟು? ಯಾರೂ ಬರೆಯಲ್ಲ. ಕಡ್ಡಿ ತೂತಿನ ಸುತ್ತ ಬಿರುಕು ಇದೆಯಾ? ಯಾರೂ ಹೇಳಲ್ಲ. ನಾನೂ ಹೇಳಿರಲಿಲ್ಲ.

ಹೌದು, ಈ ಕಥೆಯ ಖಳನಾಯಕ ನಾನೇ.

ಸಂತೆಯಲ್ಲಿ ತಂದ ಒಂದು ಜೊತೆ ಚಕ್ರ ಮಂಕಾಗಿತ್ತು. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಕಂಪನಿಯದಲ್ಲ. ಎರಡು ಭಾನುವಾರ ಕೂತು 400, 800, 1200 ನಂಬರಿನ ಮರಳು ಕಾಗದ ನೀರಲ್ಲಿ ಅದ್ದಿ ಉಜ್ಜಿದೆ. ಆಮೇಲೆ ಪಾಲಿಶ್ ಪೇಸ್ಟು. ಮುಖ ಕಾಣೋ ಹಾಗಾಯ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ, "ವಾವ್" ಅನಿಸಿಕೊಂಡೆ. ಆ ಚಕ್ರ ಹಾಕಿದ ಸೈಕಲ್ಲನ್ನ ನನ್ನ ರೂಂಮೇಟಿಗೆ ಕೊಟ್ಟೆ. ಹಾವೇರಿ ಕಡೆಯ ಹುಡುಗ, ಬಸ್ಸಿನ ದುಡ್ಡು ಉಳಿಯುತ್ತೆ ಅಂತ ಖುಷಿಪಟ್ಟ. ಮೂರನೇ ವಾರ, ಇಳಿಜಾರಲ್ಲಿ ಬ್ರೇಕ್ ಹಿಡಿದಾಗ, ಮುಂದಿನ ರಿಮ್ಮಿನ ಪಕ್ಕದ ಗೋಡೆ ಒಂದು ಗೇಣು ಉದ್ದಕ್ಕೆ ಬಾಳೆಹಣ್ಣಿನ ಸಿಪ್ಪೆ ಥರ ಸುಲಿದುಕೊಂಡು ಬಂತು. ಟೈರು ಹೊರಗೆ, ಅವನು ರಸ್ತೆಗೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಹಿಂದೆ ಲಾರಿ ಇರಲಿಲ್ಲ ಅನ್ನೋದಷ್ಟೇ ಪುಣ್ಯ.

ಆಸ್ಪತ್ರೆಯಿಂದ ಬಂದ ರಾತ್ರಿ ವರ್ನಿಯರ್ ತಗೊಂಡು ಆ ರಿಮ್ ಅಳೆದೆ. ಒಡೆದ ಜಾಗದಲ್ಲಿ 0.7 ಮಿ.ಮೀ. ಅಳೆಯೋಕೆ ಐದು ನಿಮಿಷ ಹಿಡೀತು. ಉಜ್ಜೋಕೆ ಎರಡು ಭಾನುವಾರ ಕೊಟ್ಟಿದ್ದೆ.

ಈಗ ನನ್ನ ವಾದಕ್ಕೆ ಬರ್ತೀನಿ. ಇಂಥ ಸೈಕಲ್ಲಲ್ಲಿ ರಿಮ್ ಅಂದರೆ ಬರೀ ಟೈರು ಕೂರಿಸೋ ಬಳೆ ಅಲ್ಲ. ಬ್ರೇಕಿನ ರಬ್ಬರ್ ಅದರ ಪಕ್ಕವನ್ನೇ ಒತ್ತಿ ಹಿಡಿಯೋದು. ಅಂದರೆ ಅದು ಬ್ರೇಕಿನ ಅರ್ಧ ಭಾಗ. ಪ್ರತಿ ಸಲ ಬ್ರೇಕ್ ಹಿಡಿದಾಗಲೂ, ಅದರಲ್ಲೂ ಮಳೆಯಲ್ಲಿ ಮರಳು ಮೆತ್ತಿಕೊಂಡಿದ್ದಾಗ, ಅಲ್ಯೂಮಿನಿಯಂ ಸವೆಯುತ್ತೆ. ಅದೇ ಹೊತ್ತಿಗೆ ಒಳಗಿನ ಗಾಳಿ ಆ ಗೋಡೆಯನ್ನ ಹೊರಗೆ ತಳ್ತಾ ಇರುತ್ತೆ. ಅಂದಾಜು ಲೆಕ್ಕ ಹಾಕೋಣ. 100 ಪಿಎಸ್‌ಐ ಅಂದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 0.69 ನ್ಯೂಟನ್. 25 ಮಿ.ಮೀ. ಟೈರಿನ ತ್ರಿಜ್ಯ ಸುಮಾರು 12. ಎರಡನ್ನೂ ಗುಣಿಸಿದರೆ, ಟೈರಿನ ಬಟ್ಟೆಯಲ್ಲಿ ಪ್ರತಿ ಮಿಲಿಮೀಟರ್ ಉದ್ದಕ್ಕೆ 8 ನ್ಯೂಟನ್ ಎಳೆತ. ಒಂದೊಂದು ಸೆಂಟಿಮೀಟರಿಗೂ ಸುಮಾರು 8 ಕೆಜಿ ತೂಗುಹಾಕಿದ ಹಾಗೆ. ಇದನ್ನೆಲ್ಲ ಹಿಡಿದಿಟ್ಟಿರೋದು ಒಂದೂವರೆ ಮಿಲಿಮೀಟರ್ ಆಸುಪಾಸಿನ ಗೋಡೆ, ಅದೂ ಹೊಸದಿದ್ದಾಗ.

ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿ ಉರು ಹೊಡೆದು ಮರೆತ ಒಂದು ಸೂತ್ರ ಇದೆ: ಬಾಗುವ ಪಟ್ಟಿಯಲ್ಲಿನ ಒತ್ತಡ ದಪ್ಪದ ವರ್ಗಕ್ಕೆ ವಿಲೋಮ. ಗೋಡೆ 1.5ರಿಂದ 1.0ಕ್ಕೆ ಸವೆದರೆ ಲೋಹದ ಮೇಲಿನ ಒತ್ತಡ ಎರಡೂ ಕಾಲು ಪಟ್ಟು. 0.7ಕ್ಕೆ ಸವೆದರೆ ನಾಲ್ಕೂವರೆ ಪಟ್ಟು. ಅರ್ಧ ಸವೆದರೆ ಅರ್ಧ ಶಕ್ತಿ ಉಳಿದಿದೆ ಅಂತ ನಾವು ಅಂದುಕೊಳ್ತೀವಿ. ಇಲ್ಲ ಸ್ವಾಮಿ, ಕಾಲು ಭಾಗ ಮಾತ್ರ ಉಳಿದಿರೋದು.

ಇನ್ನು ಪಾಲಿಶ್ ಏನು ಮಾಡುತ್ತೆ? ಮೊದಲನೆಯದಾಗಿ, ಸವೆದ ಗೋಡೆಯನ್ನ ಇನ್ನಷ್ಟು ಸವೆಸುತ್ತೆ. ಎರಡನೆಯದಾಗಿ, ಬ್ರೇಕ್ ಪಟ್ಟಿಯ ಗೀರುಗಳನ್ನ, ಎಷ್ಟು ಸವೆದಿದೆ ಅಂತ ಹೇಳೋ ಸಾಕ್ಷಿಯನ್ನ, ಅಳಿಸಿ ಹಾಕುತ್ತೆ. ಮೂರನೆಯದಾಗಿ, ಮೆತ್ತಗಿನ ಅಲ್ಯೂಮಿನಿಯಂ ಉಜ್ಜಿದಾಗ ಸಣ್ಣ ಬಿರುಕಿನ ಬಾಯಿ ಮೇಲೆ ಮೆತ್ತಿಕೊಂಡು ಅದು ಕಣ್ಣಿಗೆ ಕಾಣದ ಹಾಗಾಗುತ್ತೆ. ಕೆಲವರಂತೂ ಮೇಲಿನ ಆನೋಡೈಸ್ ಪದರ ತೆಗೆಯೋಕೆ ಕಾಸ್ಟಿಕ್ ಸೋಡಾದಲ್ಲಿ ಅದ್ದುತ್ತಾರೆ. ಅದು ಪದರವನ್ನೂ ತಿನ್ನುತ್ತೆ, ಕೆಳಗಿನ ಲೋಹವನ್ನೂ ತಿನ್ನುತ್ತೆ. ಅಂದರೆ "ಕನ್ನಡಿ ಹಾಗೆ ಪಾಲಿಶ್" ಅನ್ನೋದು ಹೊಗಳಿಕೆ ಅಲ್ಲ, ಎಚ್ಚರಿಕೆ. ಸಾಕ್ಷಿ ನಾಶ ಮಾಡಿದ್ದೀವಿ ಅನ್ನೋ ತಪ್ಪೊಪ್ಪಿಗೆ.

ಮೇಲ್ಮೈ ನಂಬಬಾರದು ಅನ್ನೋ ಪಾಠ ಈ ಅಲಾಯ್ ರಿಮ್ಮಿನ ಇತಿಹಾಸದಲ್ಲೇ ಇದೆ. ಫ್ರಾನ್ಸಿನ ಮಾವಿಕ್ ಕಂಪನಿ ತಾನೇ ಹೆಮ್ಮೆಯಿಂದ ಹೇಳಿಕೊಳ್ಳೋ ಕಥೆ ಇದು: 1934ರ ಟೂರ್ ದ ಫ್ರಾನ್ಸಿನಲ್ಲಿ ಆಂಟೊನಿನ್ ಮಾಞ್ ಡ್ಯುರಾಲುಮಿನ್ ರಿಮ್ ಹಾಕಿಕೊಂಡು ಓಡಿಸಿ ಗೆದ್ದ. ಆದರೆ ಯಾರ ಕಣ್ಣಿಗೂ ಬೀಳಬಾರದು ಅಂತ ಅದಕ್ಕೆ ಮರದ ಬಣ್ಣ ಬಳಿದಿದ್ದರಂತೆ! ಆ ಕಾಲಕ್ಕೆ ರೇಸಿನ ರಿಮ್ಮುಗಳು ಮರದವು. ಅಲ್ಯೂಮಿನಿಯಂ ಮರದ ವೇಷ ಹಾಕಿ ಗೆದ್ದಿತ್ತು. ಇವತ್ತು ಸತ್ತ ರಿಮ್ಮು ಹೊಸದರ ವೇಷ ಹಾಕಿ ಮಾರಾಟ ಆಗ್ತಿದೆ. ಆಗ ಮೋಸ ಹೋದವರು ಎದುರಾಳಿಗಳು, ಈಗ ಕೊಂಡವರು.

ಹಾಗಾದ್ರೆ ಗುರುತಿಸೋದು ಹೇಗೆ? ಸ್ಟಿಕ್ಕರ್ ನೋಡಿ ಅಂತೂ ಅಲ್ಲ. ಹಳೇ ಕಂಪನಿಗಳ ಸ್ಟಿಕ್ಕರನ್ನ ಹೊಸದಾಗಿ ಪ್ರಿಂಟ್ ಹಾಕಿ ಮಾರ್ತಾರೆ, ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ಲೋಹದಲ್ಲೇ ಒತ್ತಿದ ಅಚ್ಚು ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. ಮೊದಲು ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಕ್ರೋಮ್ ಮಾಡಿದ ಉಕ್ಕು, ಅಲಾಯ್ ಅಲ್ಲ. ಆಮೇಲೆ ಅಡ್ಡಕೊಯ್ತದ ಆಕಾರ ನೋಡಿ. ಎರಡೂ ಪಕ್ಕ ಗೋಡೆ ಇಲ್ಲದೆ ಬರೀ ತಗ್ಗಾದ ದೋಣಿ ಥರ ಇದ್ದರೆ ಅದು ಟೈರನ್ನ ಅಂಟಿನಿಂದ ಮೆತ್ತೋ ಟ್ಯೂಬ್ಯುಲರ್ ರಿಮ್. ಸಾಮಾನ್ಯ ಟೈರು ಅದಕ್ಕೆ ಕೂರೋದೇ ಇಲ್ಲ. ಇದನ್ನ ಹೇಳದೆ "700ಸಿ ರಿಮ್" ಅಂತ ಮಾರಿದವರನ್ನ ನಾನು ಕಣ್ಣಾರೆ ಕಂಡಿದ್ದೀನಿ.

ವಾಲ್ವ್ ತೂತಿನ ಎದುರು ಬದಿಯಲ್ಲಿ ಜೋಡಣೆಯ ಗೆರೆ ಇರುತ್ತೆ. ಹಳೆಯವು ಒಳಗೆ ಪಿನ್ನೋ ತುಂಡೋ ತೂರಿಸಿ ಸೇರಿಸಿದವು, ಗೆರೆ ಉಗುರಿಗೆ ಸಿಗುತ್ತೆ. ವೆಲ್ಡ್ ಮಾಡಿ ಪಕ್ಕವನ್ನ ಯಂತ್ರದಲ್ಲಿ ನಯಗೊಳಿಸೋದು ಸಾಮಾನ್ಯವಾಗಿದ್ದು 1990ರ ದಶಕದಲ್ಲಿ. ಹಾಗಾಗಿ ಜೋಡಣೆಯೇ ಕಾಣದ ರಿಮ್ಮನ್ನ "1970ರದ್ದು ಸಾರ್" ಅಂದರೆ ನಗಬಹುದು. ಕೆಲವರು ಹಬ್ಬಿನ ಮೇಲಿನ ತಾರೀಖು ತೋರಿಸ್ತಾರೆ. ಸ್ಟರ್ಮೀ ಆರ್ಚರ್ ಗೇರ್ ಹಬ್ಬುಗಳ ಮೇಲೆ ವರ್ಷದ ಅಂಕಿ ಇರೋದು ನಿಜ. ಆದರೆ ಅದು ಹಬ್ಬಿನ ಜಾತಕ, ರಿಮ್ಮಿನದಲ್ಲ! ಚಕ್ರ ಬಿಚ್ಚಿ ಮತ್ತೆ ಕಟ್ಟೋದು ಸೈಕಲ್ ಲೋಕದಲ್ಲಿ ನಿತ್ಯದ ಕೆಲಸ.

ಅಳತೆಯ ಕಥೆ ಇನ್ನೂ ಮಜಾ. ಅಪ್ಪನ ಸೈಕಲ್ಲಿನ ಟೈರಿನ ಮೇಲೆ 28 × 1½ ಅಂತ ಇತ್ತು, ನಮ್ಮ ಕಡೆಯ ದೊಡ್ಡ ಸೈಕಲ್ಲುಗಳ ಅಳತೆಯೇ ಅದು, ಇಂಗ್ಲೆಂಡಿನಿಂದ ಬಂದಿದ್ದು. ಟೈರಿನ ಅಂಚು ಕೂರೋ ಜಾಗದ ವ್ಯಾಸ 635 ಮಿ.ಮೀ. ಯೂರೋಪಿನಲ್ಲಿ ಇವತ್ತು "28 ಇಂಚು" ಅಂದರೆ ಬಹುಪಾಲು 622. ಹೆಸರು ಒಂದೇ, ವಸ್ತು ಬೇರೆ. ಇಲ್ಲಿನ ಹಳೇ ರೇಸಿಂಗ್ ಸೈಕಲ್ಲುಗಳ 27 × 1¼ ಅಂದರೆ 630. ಅಂದರೆ 27 ಇಂಚಿನದು ಒಂದು 28 ಇಂಚಿನದಕ್ಕಿಂತ ದೊಡ್ಡದು! ಎಲ್ಲಕ್ಕಿಂತ ಮೇಲೆ, 26 × 1¾ ಅಂದರೆ 571, 26 × 1.75 ಅಂದರೆ 559. ಒಂದೂ ಮುಕ್ಕಾಲು ಮತ್ತು 1.75 ಒಂದೇ ಅಲ್ಲ ಅಂತ ನನ್ನ ಗಣಿತದ ಮೇಷ್ಟ್ರಿಗೆ ಹೇಳಿದ್ದರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದರು :-)

ನಗು ಬರುತ್ತೆ, ಆದರೆ ಇದರಲ್ಲೂ ಅಪಾಯ ಇದೆ. 630ರ ಟೈರು 622ರ ರಿಮ್ಮಿಗೆ ಬರಿಗೈಯಲ್ಲೇ ಸಲೀಸಾಗಿ ಕೂರುತ್ತೆ. "ಆಹಾ, ಎಷ್ಟು ಸುಲಭ" ಅಂತ ಖುಷಿಯಾಗುತ್ತೆ. ಗಾಳಿ ತುಂಬಿದ ಮೇಲೆ ಸಿಡಿದು ಹೊರಬರುತ್ತೆ. ಅದಕ್ಕೇ ಇಂಚಿನ ಲೆಕ್ಕ ಬಿಡಿ, ಮಿಲಿಮೀಟರ್ ಕೇಳಿ. ರಿಮ್ಮಿನ ಮೇಲೆ ಬರೆದಿಲ್ಲವಾ? ಒಂದು ಕಾಗದದ ಪಟ್ಟಿಯನ್ನ ಟೈರಿನ ಅಂಚು ಕೂರೋ ಜಾಗದಲ್ಲಿ ಸುತ್ತಿ ಉದ್ದ ಅಳೆಯಿರಿ. 622ಕ್ಕೆ 1954 ಮಿ.ಮೀ., 630ಕ್ಕೆ 1979, 635ಕ್ಕೆ 1995. ವ್ಯಾಸದಲ್ಲಿ 8 ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣಲ್ಲ, ಸುತ್ತಳತೆಯಲ್ಲಿ 25 ಮಿಲಿಮೀಟರ್ ಆಗಿ ಎದ್ದು ಕಾಣುತ್ತೆ.

ಹಾಗೇ ಗೋಡೆಯ ಮೇಲ್ತುದಿಯ ಒಳಮುಖ ಬೆರಳಿಂದ ಸವರಿ ನೋಡಿ. ಟೈರನ್ನ ಹಿಡಿಯೋ ಸಣ್ಣ ಕೊಕ್ಕೆ ಇದೆಯಾ, ಇಲ್ಲ ನೆಟ್ಟಗೆ ಇದೆಯಾ? ಕೊಕ್ಕೆಯ ರಿಮ್ಮುಗಳು ರೇಸಿಂಗ್ ಸೈಕಲ್ಲಿಗೆ ಹೆಚ್ಚಾಗಿ ಬರೋಕೆ ಶುರುವಾಗಿದ್ದು 1970ರ ದಶಕದ ದ್ವಿತೀಯಾರ್ಧದಲ್ಲಿ. ಅದಕ್ಕೂ ಹಿಂದಿನ ನೆಟ್ಟಗಿನ ಗೋಡೆಯ ರಿಮ್ಮಿಗೆ ಇವತ್ತಿನ ಮಡಚೋ ಟೈರು ಹಾಕಿ 100 ಪಿಎಸ್‌ಐ ಹೊಡೆಯೋದು ಹುಡುಗಾಟ ಅಲ್ಲ. ತಂತಿ ಅಂಚಿನ ಟೈರು, ಕಡಿಮೆ ಗಾಳಿ, ಅಷ್ಟೇ.

ಇನ್ನು ಮುಖ್ಯವಾದದ್ದು, ದಪ್ಪ. ಕೊಕ್ಕೆ ಅಡ್ಡ ಬರೋದರಿಂದ ವರ್ನಿಯರ್ ನೇರವಾಗಿ ಗೋಡೆಗೆ ತಾಗಲ್ಲ, ತೆಳುವಾದ ಜಾಗ ಬಿಟ್ಟು ದಪ್ಪದ ಜಾಗ ಅಳೆದು ಮೋಸ ಹೋಗ್ತೀವಿ. ಉಪಾಯ ಇಲ್ಲಿದೆ. ಒಂದು ಹಳೇ ಕಡ್ಡಿಯಿಂದ ಎರಡು ಸಣ್ಣ ತುಂಡು ಕತ್ತರಿಸಿ. 14 ಗೇಜಿನ ಕಡ್ಡಿ 2.0 ಮಿ.ಮೀ. ಇರುತ್ತೆ, ಆದರೂ ಮೊದಲು ಅದನ್ನೇ ಅಳೆದುಕೊಳ್ಳಿ. ಒಂದು ತುಂಡು ಒಳಗೆ ಕೊಕ್ಕೆಯ ಕೆಳಗೆ, ಇನ್ನೊಂದು ಹೊರಗೆ ಬ್ರೇಕ್ ಸವೆಸಿದ ತಗ್ಗಿನಲ್ಲಿ ಇಟ್ಟು, ಎರಡನ್ನೂ ಸೇರಿಸಿ ಅಳೆಯಿರಿ. 5.2 ಬಂತು ಅಂದರೆ 4.0 ಕಳೆಯಿರಿ, ಗೋಡೆ 1.2. ಸುತ್ತಲೂ ಎಂಟು ಕಡೆ, ಎರಡೂ ಪಕ್ಕ ಅಳೆದು ಅತಿ ಕಡಿಮೆ ಇರೋದನ್ನ ಬರೆದಿಡಿ. ಸರಾಸರಿ ಬೇಡ, ರಿಮ್ಮು ಸರಾಸರಿ ಜಾಗದಲ್ಲಿ ಒಡೆಯಲ್ಲ. 1 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ರಸ್ತೆಗೆ ಇಳಿಸಲ್ಲ. ವರ್ನಿಯರ್ ಇಲ್ಲದಿದ್ದರೆ ಸ್ಟೀಲಿನ ಸ್ಕೇಲಿನ ಅಂಚನ್ನ ಬ್ರೇಕ್ ಪಟ್ಟಿಗೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಗೋಡೆ ತಗ್ಗಾಗಿದೆ ಅಂತ ಅರ್ಥ. ಹೊಸ ರಿಮ್ಮುಗಳ ಪಕ್ಕದಲ್ಲಿ ಸವೆತ ತೋರಿಸೋ ಗೆರೆಯೋ ಚುಕ್ಕಿಯೋ ಇರುತ್ತೆ, ಅದು ಮಾಯ ಆದರೆ ಬಿಸಾಕು ಅಂತ. ಈ ಹಳೆಯವುಗಳಲ್ಲಿ ಅದೂ ಇಲ್ಲ. ನಾವೇ ಅಳೆಯದಿದ್ದರೆ ಇನ್ಯಾರೂ ಹೇಳಲ್ಲ.

ಕೊನೆಗೆ ಕಡ್ಡಿ ತೂತುಗಳು. ಲೆನ್ಸ್ ಹಿಡಿದು ಪ್ರತಿಯೊಂದನ್ನೂ ನೋಡಿ, 36 ಇದ್ದರೆ 36ನ್ನೂ. ತೂತಿನಿಂದ ಎರಡೂ ಬದಿಗೆ ಕೂದಲೆಳೆಯಂಥ ಗೆರೆ ಹೊರಟಿದ್ದರೆ ಆ ರಿಮ್ಮಿನ ಆಯಸ್ಸು ಮುಗಿದಿದೆ. ಇಲ್ಲೂ ಒಂದು ತಮಾಷೆ. ಮಾವಿಕ್ಕಿನ ಎಂಎ2 ಬೆಳ್ಳಿ ಬಣ್ಣದ್ದು, ಅದರದೇ ತಮ್ಮ ಎಂಎ40 ಗಟ್ಟಿ ಆನೋಡೈಸ್ ಮಾಡಿದ ಕಡುಬೂದು ಬಣ್ಣದ್ದು. ನೋಡೋಕೆ ಎಂಎ40 ಗಂಭೀರ. ಆದರೆ ಆ ಗಟ್ಟಿ ಪದರ ಗಾಜಿನ ಹಾಗೆ ಪೆಡಸು, ಅದರಲ್ಲಿ ಹುಟ್ಟಿದ ಬಿರುಕು ಕೆಳಗಿನ ಲೋಹಕ್ಕೆ ಇಳಿಯುತ್ತೆ ಅಂತ ಚಕ್ರಗಳ ಬಗ್ಗೆ 1981ರಲ್ಲಿ ಪುಸ್ತಕ ಬರೆದ ಇಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಡ್ಟ್ ವರ್ಷಗಟ್ಟಲೆ ಕೂಗಿ ಹೇಳಿದರು. ಚಂದದ ಬಣ್ಣಕ್ಕೆ ಜಾಸ್ತಿ ದುಡ್ಡು ಕೊಟ್ಟು ಬಿರುಕನ್ನ ಕೊಂಡ ಹಾಗೆ.

ಇಷ್ಟು ಹೇಳಿದಾಗ ಬರೋ ಉತ್ತರಗಳು ನನಗೆ ಬಾಯಿಪಾಠ ಆಗಿವೆ.

"ಹಳೇ ಕಾಲದ್ದು ಗಟ್ಟಿ ಕಣ್ರೀ, ಈಗಿನದ್ದೆಲ್ಲ ತಗಡು." ಅಲ್ಲ. ಮಾವಿಕ್ಕಿನ ಜಿಇಎಲ್ 280 ಅನ್ನೋ ರಿಮ್ಮಿನ ಹೆಸರಲ್ಲೇ ಅದರ ತೂಕ ಇದೆ, 280 ಗ್ರಾಂ. ರೇಸಿಗೆ ಅಂತ ಉಜ್ಜಿ ಉಜ್ಜಿ ಹಗುರ ಮಾಡಿದ್ದು, ಮೊಮ್ಮಕ್ಕಳ ಕಾಲಕ್ಕೆ ಅಂತ ಮಾಡಿದ್ದಲ್ಲ. ಮೇಲಾಗಿ ಅಲ್ಯೂಮಿನಿಯಮ್ಮಿಗೆ ಉಕ್ಕಿನ ಹಾಗೆ "ಇಷ್ಟರೊಳಗಿದ್ದರೆ ಎಂದೂ ದಣಿಯಲ್ಲ" ಅನ್ನೋ ಮಿತಿ ಇಲ್ಲ. ಪ್ರತಿ ಸುತ್ತೂ ಅದರ ಲೆಕ್ಕದಲ್ಲಿ ಬರೆದಿರುತ್ತೆ.

"ನಾನು ನಲವತ್ತು ವರ್ಷದಿಂದ ಓಡಿಸ್ತಿದ್ದೀನಿ, ಏನೂ ಆಗಿಲ್ಲ." ಸಂತೋಷ. ಏನಾದರೂ ಆದವರು ಇದನ್ನ ಹೇಳೋಕೆ ಸಂತೆಗೆ ಬಂದಿಲ್ಲ, ಅಷ್ಟೇ.

"ಗೋಡೆಗೆ ನೇತುಹಾಕೋಕೆ ಕಣಪ್ಪ, ಓಡಿಸೋಕಲ್ಲ." ಹಾಗಾದ್ರೆ ಹಾಗೆ ಬರೀರಿ! "ಅಲಂಕಾರಕ್ಕೆ ಮಾತ್ರ, ಸವಾರಿಗೆ ಅಲ್ಲ." ನಾಲ್ಕು ಪದ. ಬರೆದರೆ ಬೆಲೆ ಬೀಳುತ್ತೆ, ಅದಕ್ಕೇ ಬರೆಯಲ್ಲ.

"ನೀನು ಹೇಳೋದು ಕೇಳಿದರೆ ಯಾರೂ ಹಳೇ ಸೈಕಲ್ ಮುಟ್ಟಲ್ಲ." ತಪ್ಪು. ನಾನು ಇವತ್ತೂ 1980ರ ದಶಕದ ಚಕ್ರದ ಮೇಲೇ ಆಫೀಸಿಗೆ ಹೋಗ್ತೀನಿ. ಗೋಡೆ 1.4, ತೂತುಗಳು ಶುಭ್ರ, ಮೈ ತುಂಬ ಗೀರು, ಮಂಕೋ ಮಂಕು. ಯಾರೂ ಫೋಟೋ ತೆಗೆಯಲ್ಲ. ಅಂಥವು ಸಂತೆಯಲ್ಲಿ ಅಗ್ಗಕ್ಕೆ ಬಿದ್ದಿರುತ್ತವೆ, ಹೊಳೆಯಲ್ಲ ಅನ್ನೋ ಒಂದೇ ಕಾರಣಕ್ಕೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹಳೇ ರಿಮ್ ಮಾರೋರು, ಕೊಡೋರು, ಗೆಳೆಯನಿಗೆ ಸುಮ್ಮನೆ ದಾನ ಮಾಡೋರೂ ಸೇರಿ, ನಾಲ್ಕು ವಿಷಯ ಹೇಳಲಿ: ಮಿಲಿಮೀಟರಿನಲ್ಲಿ ಅಳತೆ, ಗೋಡೆಯ ಅತಿ ಕಡಿಮೆ ದಪ್ಪ, ತೂತುಗಳ ಬಿರುಕು, ಕೊಕ್ಕೆ ಇದೆಯೋ ಇಲ್ಲವೋ. ಕೊಳ್ಳೋರು ಈ ನಾಲ್ಕು ಕೇಳಲಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಲಿ. ಮತ್ತೆ ಉಜ್ಜೋದಿದ್ದರೆ ಅಳೆದ ಮೇಲೆ ಉಜ್ಜಿ, ಬ್ರೇಕ್ ಪಟ್ಟಿ ಬಿಟ್ಟು ಉಜ್ಜಿ.

ನಮ್ಮೂರಿನ ಸೈಕಲ್ ಶಾಪಿನವನಿಗೆ ವರ್ನಿಯರ್ ಇರಲಿಲ್ಲ, ಸೂತ್ರವೂ ಗೊತ್ತಿರಲಿಲ್ಲ. ಒಂದು ಸಲ ಅಪ್ಪ ಬಗ್ಗಿದ ರಿಮ್ಮನ್ನ ಹೇಗಾದರೂ ಸರಿಮಾಡಿ ಕೊಡು ಅಂತ ದುಂಬಾಲು ಬಿದ್ದಾಗ ಅವನು ಚಕ್ರವನ್ನ ಹಾಗೇ ಪಕ್ಕಕ್ಕಿಟ್ಟು "ಇದು ಹೋಗಿದೆ ಸಾರ್, ನಾನು ಕಟ್ಟಲ್ಲ. ಹಿಂದೆ ನಿಮ್ಮ ಹುಡುಗ ಕೂರ್ತಾನಲ್ಲ" ಅಂದಿದ್ದ. ಒಂದು ದಿನದ ಕೂಲಿ ಬಿಟ್ಟುಕೊಟ್ಟು ಅಂದ ಮಾತು ಅದು. ಆ ಹುಡುಗ ನಾನು. ಅಷ್ಟು ಓದಿ, ಇಷ್ಟು ದೂರ ಬಂದು, ಅವನು ಮಾಡಿದ್ದನ್ನ ನನಗೆ ಮಾಡೋಕಾಗಲಿಲ್ಲ.

ರೂಂಮೇಟಿನ ಕೈ ಈಗ ಬಹುಪಾಲು ಸರಿಹೋಗಿದೆ. ಮೂರು ತಿಂಗಳು ಎಡಗೈಯಲ್ಲೇ ಟೈಪ್ ಮಾಡಿದ. ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚುತ್ತೆ. ಒಡೆದ ರಿಮ್ಮು ನನ್ನ ಮೇಜಿನ ಮೇಲೆ ಗೋಡೆಗೆ ನೇತಾಡ್ತಿದೆ. ಇವತ್ತಿಗೂ ಮುಖ ಕಾಣೋಷ್ಟು ಹೊಳೆಯುತ್ತೆ. ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದೀನಿ: 0.7.

ನಿಮ್ಮ ಮನೇಲಿ ಹಳೇ ಅಲಾಯ್ ಚಕ್ರ ಇದೆಯಾ? ಹೊಗಳೋದು ಆಮೇಲೆ. ಮೊದಲು ಎರಡು ತುಂಡು ಕಡ್ಡಿ ಹುಡುಕಿ. ಏನಂತೀರಿ?